ಕೊಳ ‘ಮುಚ್ಚುವುದು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಒಂದು ಕ್ರಿಯಾಪದ ಬೇಕಾಗಿದೆ. ನಾವಿರುವುದು ಮಿಷಿಗನ್‌ನಲ್ಲಿ. ಮನೆ ಕೊಂಡಾಗ ಹಿತ್ತಲಿನ ಈಜುಕೊಳವೂ ಜೊತೆಗೇ ಬಂತು. ಸೆಪ್ಟೆಂಬರ್ ಕಳೆಯುವ ಹೊತ್ತಿಗೆ ಇಲ್ಲಿ ಎಲ್ಲರೂ ‘ಪೂಲ್ ಕ್ಲೋಸ್’ ಮಾಡಿಸುತ್ತಾರೆ, ಅಂದರೆ ಚಳಿಗೆ ನೀರು ಹೆಪ್ಪುಗಟ್ಟಿ ಹಾಳಾಗದ ಹಾಗೆ ಕೊಳವನ್ನು ಸಜ್ಜು ಮಾಡಿ, ಚಳಿಗಾಲ ಕಳೆಯುವವರೆಗೆ ಹೊದಿಕೆ ಹಾಕಿಡುವುದು. ಹೋದ ವರ್ಷ ತೀರ್ಥಹಳ್ಳಿಗೆ ಫೋನ್ ಮಾಡಿದಾಗ ಅಮ್ಮನಿಗೆ, ‘ಈ ವಾರ ಕೊಳ ಮುಚ್ಚಿಸ್ತಾ ಇದೀವಿ’ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, ‘ಎಂತಕ್ಕೋ? ಯಾರಾದ್ರೂ ಬಿದ್ರಾ?’

ಅಮ್ಮನದು ತಪ್ಪಲ್ಲ. ಬಾವಿ ಮುಚ್ಚಿಸಿದರು ಅಂದರೆ ಮಣ್ಣು ತುಂಬಿಸಿದರು ಅಂತಲೇ ಅರ್ಥ. ಧರ್ಮಾಂಬುಧಿ ಕೆರೆ ಮುಚ್ಚಿದ ಮೇಲೆ ಅಲ್ಲಿ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡ್ ಬಂತು, ಅಲ್ವಾ? ಅಂಗಡಿ ಮುಚ್ಚಿದರೆ ಬೆಳಿಗ್ಗೆ ತೆಗೆಯುತ್ತಾರೆ. ನೀರಿನ ಜಾಗ ಮುಚ್ಚಿದರೆ ಮುಗೀತು.

ಸರಿ, ‘ಕಟ್ಟು’ ಅನ್ನೋಣ ಅಂದುಕೊಂಡೆ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಅಡಿಕೆ ಕೊನೆಗೆ (ಗೊಂಚಲಿಗೆ) ಕೊಟ್ಟೆ, ಅಂದರೆ ಮಳೆ ತಾಗದ ಹೊದಿಕೆ, ಕಟ್ಟುತ್ತೇವೆ, ಕೊಳೆರೋಗ ಬರದಿರಲಿ ಅಂತ. ಇದೂ ಅಂಥದ್ದೇ ಕೆಲಸ. ಆದರೆ ಕೆರೆ ಕಟ್ಟಿಸಿದರು ಅಂದರೆ ಹೊಸದಾಗಿ ಮಾಡಿಸಿದರು ಅಂತ! ನೀರಿನ ವಿಷಯದಲ್ಲಿ ‘ಮುಚ್ಚು’ ಅಂದರೆ ಇರುವುದೂ ಹೋಗುತ್ತದೆ, ‘ಕಟ್ಟು’ ಅಂದರೆ ಇಲ್ಲದ್ದು ಹುಟ್ಟುತ್ತದೆ.

‘ಹೊದಿಕೆ ಹಾಕು’ ಸಾಲದು. ಹೊದಿಕೆ ಕೊನೆಯ ಅರ್ಧ ಗಂಟೆಯ ಕೆಲಸ. ಅದಕ್ಕೆ ಮೊದಲು ನೀರು ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾಗುವವರೆಗೆ ಕಾಯಬೇಕು, ಇಲ್ಲದಿದ್ದರೆ ಹೊದಿಕೆಯ ಕೆಳಗೇ ಪಾಚಿ ಬೆಳೆಯುತ್ತದೆ. ಕ್ಲೋರಿನ್ ಹಾಕಿ, ನೀರನ್ನು ಪೈಪಿನ ಬಾಯಿಗಳಿಗಿಂತ ಕೆಳಗಿಳಿಸಬೇಕು. ಪೂರ್ತಿ ಖಾಲಿ ಮಾಡುವ ಹಾಗಿಲ್ಲ. ಮಾಡಿದರೆ ನೆಲದಡಿಯ ನೀರು ಕೊಳವನ್ನೇ ಮೇಲಕ್ಕೆ ದೂಡಬಹುದು. ಆಮೇಲೆ ಕಂಪ್ರೆಸರ್‌ನಿಂದ ಪೈಪುಗಳಿಗೆ ಗಾಳಿ ಊದುತ್ತಾರೆ. ಮೊದಲು ನೀರು, ಆಮೇಲೆ ಗೊರಗೊರ ನೊರೆ, ಕೊನೆಗೆ ಬರೀ ಗಾಳಿ. ಆಗಲೇ ಬಿರಡೆ ಒತ್ತಿಬಿಡಬೇಕು. ನೀರು ಹೆಪ್ಪುಗಟ್ಟಿದರೆ ಶೇಕಡಾ 9ರಷ್ಟು ಹಿಗ್ಗುತ್ತದೆ, ಪೈಪಿನಲ್ಲಿ ಉಳಿದರೆ ಪೈಪು ಸೀಳುತ್ತದೆ. (ಬಿರಡೆ ಅನ್ನೋ ಪದ ಸೀಸೆಗಳ ಜೊತೆಗೇ ಹೋಯಿತು ಅಂದುಕೊಂಡಿದ್ದೆ. ಇಲ್ಲಿ ಕೆಲಸಕ್ಕೆ ಬಂತು.)

ಪದ ಕಟ್ಟುವವರು ‘ಚಳಿಗಾಲೀಕರಣ’ ಅನ್ನಬಹುದು. ದಯವಿಟ್ಟು ಬೇಡ.

ನನಗೆ ಹತ್ತಿರ ಅನ್ನಿಸಿದ್ದು ‘ಬಾಗಿಲು ಹಾಕು’. ಹಾಸನಾಂಬೆಯ ಗುಡಿ ದೀಪಾವಳಿ ಆಸುಪಾಸಿನ ಕೆಲವು ದಿನ ಬಿಟ್ಟರೆ ವರ್ಷವಿಡೀ ಬಾಗಿಲು ಹಾಕಿರುತ್ತದೆ. ಗುಡಿ ಮುಚ್ಚಿಹೋಯಿತು ಅಂತ ಯಾರೂ ಅನ್ನುವುದಿಲ್ಲ. ಮತ್ತೆ ತೆಗೆಯುತ್ತಾರೆ ಅನ್ನುವುದು ಆ ಮಾತಿನಲ್ಲೇ ಇದೆ. ಆದರೆ ಕೊಳಕ್ಕೆ ಬಾಗಿಲೆಲ್ಲಿ?

ಇನ್ನೊಂದು ಸಣ್ಣ ಪ್ರಶ್ನೆ. ನೀರಿನ ಮಟ್ಟದಲ್ಲೇ ಗೋಡೆಯಲ್ಲೊಂದು ಕಿಂಡಿ ಇರುತ್ತದೆ, ತೇಲುವ ಎಲೆ ಕಸ ಎಳೆದುಕೊಳ್ಳುವುದಕ್ಕೆ. ಅದಕ್ಕೆ ಏನನ್ನೋಣ? ಅದನ್ನು ತೂಬು ಅನ್ನಲು ಮನಸ್ಸು ಬರುವುದಿಲ್ಲ, ತೂಬು ತಳದಲ್ಲಿರಬೇಕು. ಜಾಗ ನೋಡಿದರೆ ಕೋಡಿ, ಆದರೆ ಇಲ್ಲಿ ನೀರು ತಾನಾಗಿ ಉಕ್ಕಿ ಹೋಗುವುದಿಲ್ಲ, ಪಂಪು ಎಳೆಯಬೇಕು.

ಕರಾವಳಿಯವರನ್ನು ಮುಖ್ಯವಾಗಿ ಕೇಳುತ್ತಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲವಲ್ಲ, ಆ 61 ದಿನಕ್ಕೆ ದೋಣಿಯನ್ನು ಸಜ್ಜು ಮಾಡಿ ಇಡುವುದಕ್ಕೆ ಮನೆಮಾತಿನಲ್ಲಿ ಏನನ್ನುತ್ತೀರಿ? ಮುಂದಿನ ಶನಿವಾರ ನಮ್ಮಲ್ಲಿಗೆ ಕಂಪ್ರೆಸರ್‌ನವರು ಬರುತ್ತಾರೆ. ಭಾನುವಾರ ಅಮ್ಮನಿಗೆ ಫೋನ್ ಮಾಡುವ ದಿನ.