ಜ್ವರ ಇಳಿದ ಮೇಲೆ ಶ್ವಾಸಕೋಶ ಹಾಳಾಗುವುದೇಕೆ? ಕೊರೊನಾ ಕುರಿತ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಡಾಕ್ಟರೇ. 2021ರ ಮೇ ತಿಂಗಳಿನಲ್ಲಿ ನಮ್ಮ ತಂದೆಯವರಿಗೆ ಕೊರೊನಾ ಬಂದಿತ್ತು. ಐದಾರು ದಿನ ಕಾಡಿದ ಜ್ವರ ಇಳಿದಾಗ, ಇನ್ನೇನು ಗುಣವಾಯಿತೆಂದು ಮನೆಯವರೆಲ್ಲ ಸಮಾಧಾನಪಟ್ಟುಕೊಂಡೆವು. ಒಂಬತ್ತನೆಯ ದಿನ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ರಕ್ತದ ಆಮ್ಲಜನಕ ಶೇ 84 ಎಂದು ತೋರಿಸಿತು. ಆ ಹೊತ್ತಿನಲ್ಲೂ ಅವರು ಪತ್ರಿಕೆ ಓದುತ್ತ, ತಮಗೇನೂ ಆಗಿಲ್ಲವೆನ್ನುತ್ತಿದ್ದರು. ಈಗ ಆರೋಗ್ಯವಾಗಿದ್ದಾರೆ. ಆದರೆ ವೈರಸ್ಸು ತಗ್ಗುವ ಹೊತ್ತಿಗೆ ಶ್ವಾಸಕೋಶ ಕೆಡುವುದು ಹೇಗೆಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ.

ಉತ್ತರ (ಶ್ವಾಸಕೋಶ ತಜ್ಞರು): ನಿಮ್ಮ ತಂದೆಯವರಲ್ಲಿ ನಡೆದದ್ದು ಎರಡು ಹಂತದ ಹಾನಿ. ಮೊದಲನೆಯದು ವೈರಸ್ಸಿನದೇ ಕೆಲಸ. ಅದರ ಮೈಮೇಲಿನ ಮುಳ್ಳಿನಂಥ ಪ್ರೋಟೀನು ನಮ್ಮ ಜೀವಕೋಶಗಳ ಮೇಲಿರುವ ಎಸಿಇ-2 ಎಂಬ ಪ್ರೋಟೀನಿಗೆ ಅಂಟಿಕೊಂಡು ಒಳಹೊಗುತ್ತದೆ. ಶ್ವಾಸಕೋಶದ ಪುಟ್ಟ ಗಾಳಿಚೀಲಗಳಲ್ಲಿ ಈ ಎಸಿಇ-2 ಹೆಚ್ಚಾಗಿರುವುದು, ಚೀಲ ಮುದುಡಿಕೊಳ್ಳದಂತೆ ತಡೆಯುವ ಸರ್ಫ್ಯಾಕ್ಟೆಂಟ್ ಎಂಬ ಜಾರುದ್ರವವನ್ನು ತಯಾರಿಸುವ ಕೋಶಗಳಲ್ಲಿಯೇ. ಆ ಕೋಶಗಳು ಸತ್ತರೆ ದ್ರವವೂ ಕಡಿಮೆಯಾಗಿ ಚೀಲಗಳು ಕುಸಿಯತೊಡಗುತ್ತವೆ.

ಎರಡನೆಯ ಹಂತ ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಆರಂಭವಾಗುತ್ತದೆ. ಆ ವೇಳೆಗೆ ವೈರಸ್ಸಿನ ಸಂಖ್ಯೆ ಇಳಿಮುಖವಾಗಿದ್ದರೂ, ಕೆಲವರಲ್ಲಿ ರೋಗನಿರೋಧಕ ವ್ಯವಸ್ಥೆಯು ಹತೋಟಿ ತಪ್ಪಿ, ಉರಿಯೂತವನ್ನು ಕೆರಳಿಸುವ ಸೈಟೊಕೈನ್‌ಗಳನ್ನು ವಿಪರೀತವಾಗಿ ಸುರಿಸುತ್ತದೆ. ಇದರಿಂದ ರಕ್ತನಾಳಗಳ ಗೋಡೆ ಸಡಿಲಗೊಂಡು, ರಕ್ತದ ದ್ರವಭಾಗವು ಗಾಳಿ ಇರಬೇಕಾದ ಜಾಗಕ್ಕೆ ಸೋರಿ, ಆಮ್ಲಜನಕವು ರಕ್ತಕ್ಕೆ ದಾಟುವ ಹಾದಿ ಕಟ್ಟಿಕೊಳ್ಳುತ್ತದೆ. ಸಿಟಿ ಸ್ಕ್ಯಾನಿನಲ್ಲಿ ಮಬ್ಬುಗಾಜಿನಂತೆ ಕಾಣುವ ಕಲೆಗಳು ಬಹುಮಟ್ಟಿಗೆ ಇವೇ.

ಅವರಿಗೆ ಏದುಸಿರು ಬರಲಿಲ್ಲವೇಕೆ ಎಂಬುದಕ್ಕೂ ಕಾರಣವಿದೆ. ಉಸಿರು ಕಟ್ಟಿದ ಅನುಭವವನ್ನು ಹೆಚ್ಚಾಗಿ ಉಂಟುಮಾಡುವುದು ಆಮ್ಲಜನಕದ ಕೊರತೆಯಲ್ಲ, ಇಂಗಾಲದ ಡೈಆಕ್ಸೈಡಿನ ಏರಿಕೆ. ಈ ಅನಿಲವು ಆಮ್ಲಜನಕಕ್ಕಿಂತ ಸುಮಾರು 20 ಪಟ್ಟು ಸುಲಭವಾಗಿ ಪೊರೆಗಳನ್ನು ದಾಟುವುದರಿಂದ, ಕೆಟ್ಟ ಶ್ವಾಸಕೋಶದಿಂದಲೂ ಹೊರಹೋಗುತ್ತಲೇ ಇರುತ್ತದೆ. ಆದ್ದರಿಂದ ಮೆದುಳಿಗೆ ಎಚ್ಚರಿಕೆ ತಡವಾಗಿ ತಲುಪುತ್ತದೆ. ಆ ದಿನ ನೀವು ಆಕ್ಸಿಮೀಟರ್ ಹಾಕಿ ನೋಡಿದ್ದು ದೊಡ್ಡ ಉಪಕಾರವಾಯಿತು.

ಪ್ರಶ್ನೆ (ಮತ್ತೊಬ್ಬ ಸದಸ್ಯರು): ಹಾಗಾದರೆ ಮೊದಲ ದಿನವೇ ಸ್ಟೀರಾಯ್ಡ್ ಕೊಟ್ಟು ಆ ಅತಿರೇಕವನ್ನು ತಡೆಯಬಹುದಿತ್ತಲ್ಲವೇ ಸರ್? ನಮ್ಮ ಬಡಾವಣೆಯಲ್ಲಿ ಹಲವರು ತಾವೇ ಅಂಗಡಿಯಿಂದ ತಂದು ನುಂಗಿದ್ದರು.

ಉತ್ತರ: ಅನೇಕರು ಎಡವಿದ್ದು ಇಲ್ಲಿಯೇ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನವು, ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಪಡೆದವರಲ್ಲಿ, ವೆಂಟಿಲೇಟರ್‌ನಲ್ಲಿದ್ದವರ ಸಾವು ಮೂರನೇ ಒಂದರಷ್ಟು, ಆಮ್ಲಜನಕದ ನೆರವಿನಲ್ಲಿದ್ದವರ ಸಾವು ಐದನೇ ಒಂದರಷ್ಟು ತಗ್ಗಿತೆಂದು ತಿಳಿಸಿತು. ಆಮ್ಲಜನಕವೇ ಬೇಕಿಲ್ಲದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಮೊದಲ ವಾರದಲ್ಲಿ ವೈರಸ್ಸನ್ನು ಎದುರಿಸಬೇಕಾದ ಪಡೆಯನ್ನೇ ಸ್ಟೀರಾಯ್ಡ್ ಕುಗ್ಗಿಸುತ್ತದೆ. ಜೊತೆಗೆ ಸಕ್ಕರೆಯನ್ನೂ ಏರಿಸುತ್ತದೆ. ಎರಡನೆಯ ಅಲೆಯಲ್ಲಿ, ಹತೋಟಿಯಲ್ಲಿಲ್ಲದ ಮಧುಮೇಹವೂ ಸ್ಟೀರಾಯ್ಡಿನ ಅತಿಬಳಕೆಯೂ ಕೂಡಿದ ಕಡೆ ಕಪ್ಪು ಶಿಲೀಂಧ್ರ ಕಾಣಿಸಿಕೊಂಡು, ಎಷ್ಟೋ ಮಂದಿ ಕಣ್ಣು ಕಳೆದುಕೊಂಡದ್ದನ್ನು ನಾವು ವೈದ್ಯರು ಮರೆಯುವಂತಿಲ್ಲ.

ಪ್ರಶ್ನೆ: ಶ್ವಾಸಕೋಶದ ಕಾಯಿಲೆಯೆಂದಾದರೆ ಹೃದಯ, ಮೂತ್ರಪಿಂಡಗಳಿಗೆ ಪೆಟ್ಟು ಬೀಳುವುದೇಕೆ? ನನಗೆ ಮೂರು ವಾರ ಕಾಫಿಯ ಪರಿಮಳವೇ ತಿಳಿಯಲಿಲ್ಲ. ಅದು ನರಗಳ ಹಾನಿಯೇ?

ಉತ್ತರ: ಎಲ್ಲ ಅಂಗಗಳಿಗೂ ಸಮಾನವಾದದ್ದು ರಕ್ತನಾಳ. ಉರಿಯೂತದಿಂದ ಅದರ ಒಳಪದರ ಗಾಯಗೊಂಡಾಗ ರಕ್ತ ಅಲ್ಲಲ್ಲಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಂಡರೆ ಆಮ್ಲಜನಕ ಥಟ್ಟನೆ ಕುಸಿಯಬಹುದು, ಮೆದುಳಿನಲ್ಲಾದರೆ ಪಾರ್ಶ್ವವಾಯು, ಹೃದಯದಲ್ಲಾದರೆ ಹೃದಯಾಘಾತ. ಆಸ್ಪತ್ರೆಗಳಲ್ಲಿ ಹೆಪ್ಪಿನ ಸುಳಿವು ಕೊಡುವ ಡಿ-ಡೈಮರ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಿದ್ದುದೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಚುಚ್ಚುಮದ್ದು ಕೊಡುತ್ತಿದ್ದುದೂ ಈ ಭಯದಿಂದಲೇ. ಮೂತ್ರಪಿಂಡಗಳು ಮಾತ್ರ ಹಲವು ಕಡೆಯಿಂದ ಪೆಟ್ಟು ತಿನ್ನುತ್ತವೆ: ರಕ್ತದೊತ್ತಡ ಕುಸಿದಾಗ, ಆಮ್ಲಜನಕ ಇಳಿದಾಗ, ಕೆಲವೊಮ್ಮೆ ನಾವು ಕೊಡುವ ಔಷಧಗಳಿಂದಲೂ.

ನಿಮ್ಮ ಮೂಗಿನ ವಿಷಯದಲ್ಲಿ ಗಾಬರಿ ಬೇಡ. ವೈರಸ್ಸು ಮುಖ್ಯವಾಗಿ ಹೊಕ್ಕಿದ್ದು ವಾಸನೆ ಗ್ರಹಿಸುವ ನರಕೋಶಗಳನ್ನಲ್ಲ, ಅವುಗಳಿಗೆ ಆಸರೆಯಾಗಿರುವ ಪಕ್ಕದ ಕೋಶಗಳನ್ನು. ಆಸರೆಯ ಕೋಶಗಳು ಮತ್ತೆ ಬೆಳೆಯುವುದರಿಂದಲೇ ಬಹುತೇಕರಿಗೆ ನಿಮ್ಮಂತೆ ಕೆಲವು ವಾರಗಳಲ್ಲಿ ವಾಸನೆ ಮರಳಿತು.