ಸಹಾಯ ಬೇಕು: ನಾಲ್ಕು ವರ್ಷದ ಮಗಳು ಪೂರ್ತಿ ಸಿನಿಮಾ ಕೂತು ನೋಡೋದು ಯಾವಾಗ?

ಎಲ್ರಿಗೂ ನಮಸ್ಕಾರ ರೀ, ನಾವು ದಾವಣಗೆರೆ ವಿದ್ಯಾನಗರದೋರು. ಹೋದ ಭಾನುವಾರ ಮಗಳನ್ನ ಮೊದಲ್ನೇ ಸಲ ಥಿಯೇಟರ್‌ಗೆ ಕರ್ಕೊಂಡು ಹೋಗಿದ್ವಿ, ಲೈಟ್ ಆಫ್ ಆದ ತಕ್ಷಣ ನನ್ನ ದುಪಟ್ಟಾ ಗಟ್ಟಿ ಹಿಡ್ಕೊಂಡ್ಲು, ಪಾಪ್‌ಕಾರ್ನ್ ಖಾಲಿ ಆಗೋವರೆಗೂ ಸುಮ್ನಿದ್ಲು, ಆಮೇಲೆ ಫೈಟ್ ಬಂತು ನೋಡಿ, ಎರಡೂ ಕಿವಿ ಮುಚ್ಕೊಂಡು "ಅಮ್ಮಾ ಸೌಂಡ್ ಕಮ್ಮಿ ಮಾಡು, ರಿಮೋಟ್ ಎಲ್ಲಿ" ಅಂತ ಒಂದೇ ಅಳು. ಇಂಟರ್ವಲ್‌ಗೇ ಎದ್ದು ಬಂದು ಮಿರ್ಚಿ ಮಂಡಕ್ಕಿ ತಿಂದು ಮನೆ ಸೇರಿದ್ವಿ.

ನಮ್ಮತ್ತೆ "ನಿನ್ ಗಂಡನ್ನ ತೊಡೆ ಮೇಲೆ ಹಾಕ್ಕೊಂಡೇ ಎಲ್ಲಾ ಸಿನಿಮಾ ನೋಡಿದೀನಿ, ಏನಾಗೈತಿ ಅವ್ನಿಗೆ" ಅಂತಾರೆ (ಅದಕ್ಕೆ ಉತ್ತರ ಐತಿ, ಇಲ್ಲಿ ಬೇಡ ಬಿಡಿ). ಆದ್ರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ 1 ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ ಅಂದಿದೆ, ನಮ್ ಸಿನಿಮಾಗಳು ನೋಡಿದ್ರೆ ಎರಡೂವರೆ ಗಂಟೆ! 2024ರಿಂದ ಸೆನ್ಸಾರ್‌ನೋರು ಯುಎ 7+, 13+, 16+ ಅಂತ ಬೇರೆ ಬೇರೆ ಸರ್ಟಿಫಿಕೇಟ್ ಕೊಡ್ತಾರಲ್ಲ, ಬರೀ 'ಯು' ನೋಡ್ಕೊಂಡು ಹೋದ್ರೆ ಸಾಕಾ, ಸೌಂಡಿಗೆ ಏನ್ ಮಾಡ್ತೀರಿ? ಮನೇಲೇ ಅರ್ಧರ್ಧ ತೋರ್ಸಿ ರೂಢಿ ಮಾಡ್ಸಿದೋರು ಯಾರಾದ್ರೂ ಇದೀರಾ, ನಿಮ್ ಮಕ್ಳು ಎಷ್ಟು ವರ್ಷಕ್ಕೆ ಕೊನೇವರೆಗೂ ಕೂತ್ರು? ಮುಂದಿನ ತಿಂಗ್ಳು ನಾದಿನಿ ಮಕ್ಳು ಬರ್ತಾರೆ, ಎಲ್ರೂ ಸಿನಿಮಾಗೆ ಅಂತ ಈಗ್ಲೇ ಪ್ಲಾನ್ ಹಾಕಿ ಕೂತವ್ರೆ, ಬೇಗ ಹೇಳಿ ಪ್ಲೀಸ್.