ಸಹಾಯ ಬೇಕು: ಮಂಡ್ಯದಿಂದ ಊಟಿಗೆ ನಿಧಾನದ ಪ್ರಯಾಣ, ದಾರಿಯಲ್ಲಿ ಎಲ್ಲೆಲ್ಲಿ ನಡೆಯಬಹುದು?

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾಲ್ಕು ದಿನ ರಜೆ ಇದೆ. ನಾನು, ಹೆಂಡತಿ, 9 ವರ್ಷದ ಮಗಳು, ಮಂಡಿ ನೋವಿರುವ ಅಪ್ಪ, ನಮ್ಮ ಹಳೇ ಕಾರು. ಊಟಿ ಮುಟ್ಟಲೇಬೇಕು ಅಂತೇನಿಲ್ಲ, ಅಲ್ಲಲ್ಲಿ ನಿಲ್ಲಿಸಿ ಒಂದೆರಡು ಗಂಟೆ ಕಾಡಲ್ಲೋ ಬೆಟ್ಟದಲ್ಲೋ ನಡೆದು, ತಿಂಡಿ ತಿಂದು ಮುಂದೆ ಹೋಗೋಣ ಅಂತ ಅಷ್ಟೇ.

ಮೊದಲ ದಿನ ಕರಿಘಟ್ಟ ಮೆಟ್ಟಿಲು ಹತ್ತಿ ರಂಗನತಿಟ್ಟು ನೋಡುವುದು. ಹೋದ ಸಲ ಕರಿಘಟ್ಟದ ಅರ್ಧ ದಾರಿಯಲ್ಲಿ ನನ್ನ ಶೂ ಅಡಿ ಬಾಯಿ ಬಿಟ್ಟು, ಮಗಳ ಜಡೆಯ ರಿಬ್ಬನ್ ಬಿಚ್ಚಿ ಕಟ್ಟಿಕೊಂಡು ಇಳಿದೆ. ಅವಳು ಇನ್ನೂ ನಗುತ್ತಾಳೆ.

ತೊಂದರೆ ಇರುವುದು ಗುಂಡ್ಲುಪೇಟೆ ದಾಟಿದ ಮೇಲೆ. ಬಂಡೀಪುರದ ರಸ್ತೆಯಲ್ಲಿ ಗಾಡಿಯಿಂದ ಇಳಿಯುವ ಹಾಗಿಲ್ಲ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆಯೇ ಬಂದ್. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೂ ನಮ್ಮ ಕಾರು ಬಿಡುವುದಿಲ್ಲ, ಕೆಳಗೆ ನಿಲ್ಲಿಸಿ ಸರ್ಕಾರಿ ಬಸ್ಸಲ್ಲೇ ಹೋಗಬೇಕು. ಅಪ್ಪನಿಗೆ ಅದೇ ಒಳ್ಳೇದು ಬಿಡಿ.

ಹಾಗಾದರೆ ಆ ಕಡೆ ಅನುಮತಿ ಪಡೆದು, ಗೈಡ್ ಜೊತೆ, ಮಗು ನಡೆಯುವಂಥ ದಾರಿ ಯಾವುದಾದರೂ ಇದೆಯಾ? ಇಲ್ಲ ಊಟಿ ಬಿಟ್ಟು ಬಿಳಿಗಿರಿರಂಗನ ಬೆಟ್ಟದ ಕಡೆ ತಿರುಗುವುದೇ ವಾಸಿನಾ? ಮಸಿನಗುಡಿಯಿಂದ ಊಟಿಗೆ ಹೋಗುವ ಘಾಟಿಯ 36 ತಿರುವು ಹತ್ತಿಸಿದವರು ಹೇಳಿ, ಹಳೇ ಕಾರಿಗೆ ಕಷ್ಟ ಆಗುತ್ತಾ? ಗೂಡಲೂರು ದಾರಿ ಉದ್ದ, ಆದರೂ ಸುಲಭ ಅಂತಾರೆ. ಊಟಿ ಇರುವ ನೀಲಗಿರಿ ಜಿಲ್ಲೆಗೆ ಗಾಡಿ ಒಯ್ಯಲು ಇ-ಪಾಸ್ (ಆನ್‌ಲೈನ್ ಅನುಮತಿ) ಮಾಡಿಸಿದವರೂ ಹೇಗೆ ಮಾಡಿಸಿದಿರಿ ಅಂತ ಸ್ವಲ್ಪ ತಿಳಿಸಿ.

ಸುಮ್ನೆ ರೆಸಾರ್ಟ್ ಹೆಸರು ಬೇಡ, ನೀವೇ ನಡೆದಿರುವ ಜಾಗ ಹೇಳಿ. ಶೂ ಹೊಸದು ತಗೊಂಡಿದ್ದೀನಿ.